ನಾಲ್ಕು ಬೆರಳು ಉಬ್ಬಿದ ನೆಲ

ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಬಸ್ಸಿಗೆ ಕಾಯುತ್ತ ಲ್ಯಾಪ್‌ಟಾಪ್ ತೆರೆದಿದ್ದೆ. ಉಪಗ್ರಹ ಕಳಿಸಿದ ಚಿತ್ರದಲ್ಲಿ ದೂರದ ದ್ವೀಪವೊಂದರ ಜ್ವಾಲಾಮುಖಿ ಎಂದೋ ಕುಸಿದು ಬಟ್ಟಲಿನಂತಾಗಿತ್ತು. ಒಳಗೆ ನೀಲಿ ಕೆರೆ, ದಡದಲ್ಲಿ ಚುಕ್ಕೆಗಳಂಥ ಮನೆಗಳು, ಮೇಲೆ ಹಿಂಜಿದ ಅರಳೆಯಂಥ ಮೋಡ. ನೋಡುತ್ತ ನೋಡುತ್ತ ನಾನೂ ಅಲ್ಲೇ ತೇಲುತ್ತಿದ್ದೆ.

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿದರು. "ಇದ್ಯಾವ ಕೆರೆ ಮಗ?"

"ಬೆಂಕಿಬೆಟ್ಟದ ಹೊಟ್ಟೆ ಕಣವ್ವ. ಒಳಗಿನ ಬೆಂಕಿ ಮೇಲೇಳ್ತಾ ಈ ತಿಂಗಳು ನೆಲ ನಾಕು ಬೆರಳು ಉಬ್ಬಿದೆ, ಯಾವಾಗ ಬೇಕಾದ್ರೂ ಸಿಡೀಬಹುದು. ಅದನ್ನ ಅಳೆಯೋದೇ ನನ್ನ ಕೆಲಸ."

"ದಡದಲ್ಲಿ ಮನೆ ಅವಲ್ಲಾ, ಅವ್ರಿಗೆ ಯೋಳಿದ್ಯಾ?"

"ವರದಿ ಸೋಮವಾರ ಹೋಗುತ್ತೆ."

"ಅಲ್ಲೀಗಂಟ ಅವ್ರು ಅಂಗೇ ಮಲಗಿರ್ಬೇಕಾ? ಈಗ್ಲೇ ಯೋಳ್ಬುಡು."

ನಾಚಿಕೆಯಾಯಿತು. ಬಂದ ಬಸ್ಸನ್ನೂ ಬಿಟ್ಟು, ಅಲ್ಲೇ ಕೂತು ಆ ದ್ವೀಪದ ಕಚೇರಿಗೆ ಬರೆದೆ. ತಕ್ಷಣ ಉತ್ತರ ಬಂತು: "ಧನ್ಯವಾದ. ನೆಲ ಉಬ್ಬಿ ಮನೆಬಾಗಿಲುಗಳು ಮುಚ್ಚದಾದಾಗಲೇ ಎಲ್ಲರನ್ನೂ ಅಲ್ಲಿಂದ ದೂರ ಕರೆತಂದೆವು."

ಅಜ್ಜಿಗೆ ಓದಿ ಹೇಳಿದೆ. "ಸದ್ಯ, ಬದುಕುದ್ರು," ಅಂದರು. ಅಷ್ಟು ಎತ್ತರದಿಂದ ನೋಡುತ್ತಿದ್ದ ನನಗೇ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು.