ಕೂಸು ಅಳಲಿಕ್ಕೊಂದು ಜಾಗ

ಬೆಳಗಿನ ಐದೂವರೆ. ಟಿ. ದಾಸರಹಳ್ಳಿಯ ವಠಾರವೊಂದರ ಮೂರನೇ ಮಹಡಿ. ಗಾರ್ಮೆಂಟ್ಸ್‌ಗೆ ಹೊರಟು ನಿಂತ ನೀಲಾಂಬಿಕಾ ಒಂಬತ್ತು ತಿಂಗಳ ಮಗನ ಬಾಯಿಗೆ ಬಾಟಲಿ ಒತ್ತುತ್ತಿದ್ದಾಳೆ. ಸಕ್ಕರೆ ಹಾಕಿದ ಹಾಲು, ಅದರಲ್ಲಿ ಕರಗಿಸಿದ ಬಿಸ್ಕತ್ತು. ಕೂಸು ಮುಖ ತಿರುಗಿಸುತ್ತದೆ. ಬಾಟಲಿಯೂ ಅತ್ತಲೇ ತಿರುಗುತ್ತದೆ.

“ಸಾಕು ಅಂತಿದಾನೆ ನೋಡು ತಾಯಿ. ಮಾತು ಬರಲ್ವಲ್ಲ, ಮುಖದಲ್ಲೇ ಹೇಳ್ತಿದಾನೆ,” ಎನ್ನುತ್ತಾರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ ಅಂಗನವಾಡಿ ಕಾರ್ಯಕರ್ತೆ ವನಜಾ.

“ಸಂಜಿ ತನಕ ನಾ ಇರಂಗಿಲ್ರೀ ಅಕ್ಕಾರ. ಹೊಟ್ಟಿ ತುಂಬಿಸಿ ಹೋದ್ರ ಜೀವಕ್ಕ ಸಮಾಧಾನ.” ನೀಲಾಂಬಿಕಾ ಬಾಟಲಿಯನ್ನು ಅತ್ತೆಯ ಕೈಗಿಡುತ್ತಾಳೆ.

ವನಜಾ ಅವರಿಗೀಗ ಐವತ್ತೊಂದು; ಈ ಕೆಲಸಕ್ಕೆ ಇಪ್ಪತ್ತನಾಲ್ಕು. ಅವರ ಪಾಲಿನ ಗಲ್ಲಿಗಳಲ್ಲಿ ಎರಡು ವರ್ಷದೊಳಗಿನ ಕೂಸುಗಳು ಮೂವತ್ತನಾಲ್ಕು. ತಾಯಂದಿರು ಕೈಗೆ ಸಿಗುವುದು ಶಿಫ್ಟ್‌ಗೆ ಮೊದಲು ಮಾತ್ರ. ಹಾಗಾಗಿ ಕೇಂದ್ರ ತೆರೆಯುವ ಮುಂಚೆ ದಿನಾ ಆರೇಳು ಮನೆ ಹತ್ತಿಳಿಯುತ್ತಾರೆ. ವರದಿಗೆಂದು ಇವತ್ತು ನಾನೂ ಜೊತೆಗಿದ್ದೇನೆ. ಬಡಕಲು ಕೂಸುಗಳ ಲೆಕ್ಕ ಇಲಾಖೆ ಕೇಳುತ್ತದೆ. ತೂಕ ಮೀರಿದ ಕೂಸುಗಳ ಚಿಂತೆ ಇವರೇ ಹೊತ್ತುಕೊಂಡದ್ದು.

ಸೊಸೆ ಮೆಟ್ಟಿಲಿಳಿದ ಮೇಲೆ ಅತ್ತೆ ಮಲಕವ್ವ ಛೇಡಿಸುತ್ತಾರೆ. “ಮಂದಿ ಕೂಸು ಸಣ್ಣಗಾತು ಅಂತ ಅಳತಾರ. ನೀವ ಒಬ್ಬರ ನೋಡ್ರಿ, ದಪ್ಪಾತು ಅಂತ ಅಳಾಕತ್ತೀರಿ!”

“ಊಟ ಕಮ್ಮಿ ಮಾಡಿ ಅಂತಿಲ್ಲ ಕಣಜ್ಜಿ. ಹಸಿದಾಗ ರಾಗಿ ಸರಿ ಕೊಡಿ. ಅತ್ತಿದ್ದಕ್ಕೆಲ್ಲ ಬಾಟಲಿ ಬೇಡ. ನಿಮ್ಮೂರಲ್ಲಿ ಕೂಸು ಅತ್ರೆ ಏನ್ ಮಾಡ್ತಿದ್ರಿ?”

“ತೊಟ್ಟಿಲಾ ತೂಗಿ ಹಾಡತಿದ್ವಿ.” ಮಲಕವ್ವ ದನಿ ತಗ್ಗಿಸಿ ಗೋಡೆ ತೋರಿಸುತ್ತಾರೆ. “ಇಲ್ಲಿ ಹಾಡಾಕ ಎಲ್ಲೈತ್ರಿ? ಬಾಜು ರೂಮಿನ್ಯಾಗ ರಾತ್ರಿ ಪಾಳಿ ಮುಗಿಸಿ ಬಂದೋರು ಮಲಗಿರತಾರ. ಕೂಸು ಅತ್ರ ಗ್ವಾಡಿ ಬಡೀತಾರ. ಅದಕ್ಕ ಬಾಟಲಿ ಇಡತೇನಿ.”

ಗೋಡೆಯಾಚೆ ಮಲಗಿದವರೂ ಹನ್ನೆರಡು ತಾಸು ದುಡಿದು ಬಂದವರೇ.

ಒಂಬತ್ತು ವರ್ಷದ ಹಿಂದೆ ಇದೇ ಗಲ್ಲಿಯಲ್ಲಿ ಶಿಶು ಪ್ರದರ್ಶನ ನಡೆದಿತ್ತು. ಎಲ್ಲರಿಗಿಂತ ಗುಂಡಗಿದ್ದ ಸ್ಫೂರ್ತಿ ಎಂಬ ಕೂಸಿಗೆ ಮೊದಲ ಬಹುಮಾನ. ಆರಿಸಿದವರು ವನಜಾ, ಸ್ಟೀಲ್ ತಟ್ಟೆ ಕೊಟ್ಟು, ಎತ್ತಿಕೊಂಡು ಫೋಟೊ ತೆಗೆಸಿಕೊಂಡವರೂ ಅವರೇ. ಆ ಕೂಸೂ ಪಕ್ಕದವರು ಗೋಡೆ ಬಡಿದಾರೆಂಬ ಮನೆಯವರ ಹೆದರಿಕೆಗೆ ಬಾಟಲಿಯಲ್ಲೇ ಬೆಳೆದದ್ದು. ಈಗ ಸ್ಫೂರ್ತಿಗೆ ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ಬಾಟಲಿಯೊಂದರಿಂದಲೇ ಹೀಗಾಯಿತೆಂದು ಡಾಕ್ಟರೂ ಹೇಳುವುದಿಲ್ಲ. ವನಜಾ ಅವರ ಮನಸ್ಸು ಮಾತ್ರ ಹೇಳುತ್ತಲೇ ಇರುತ್ತದೆ.

“ಹೋದ ವರ್ಷ ಸೆಂಟರ್‌ಗೆ ಬಂದು ಆ ಫೋಟೊ ನೋಡ್ದಳು ಸಾರ್. ‘ಆಂಟಿ, ಆವಾಗ್ಲೂ ದಪ್ಪನೇ ಇದ್ನಲ್ಲ, ಎಲ್ರೂ ಚಪ್ಪಾಳೆ ತಟ್ಟಿದ್ರಂತೆ. ಈಗ್ಯಾಕೆ ನಗ್ತಾರೆ?’ ಅಂದ್ಳು,” ಎನ್ನುತ್ತಾರೆ ವನಜಾ.

ಆ ವಾರವೇ ವನಜಾ ಹೊಸ ಪದ್ಧತಿ ಹಿಡಿದರು. ಯಾವ ರೂಮಿನವರು ಯಾವ ಹೊತ್ತು ಮಲಗುತ್ತಾರೆಂದು ಪ್ರತಿ ವಠಾರದಲ್ಲೂ ಕೇಳಿ ಬರೆದುಕೊಂಡರು. ಆ ಹೊತ್ತಿಗೆ ಕೂಸು ಅತ್ತರೆ ಅಜ್ಜಿಯರು ಅದನ್ನೆತ್ತಿಕೊಂಡು ತಾರಸಿಗೆ ಹೋಗಬೇಕು. ತಾರಸಿ ಬಿಟ್ಟುಕೊಡಲು ಮನೆಮಾಲೀಕರು ಗೊಣಗಿದರು. ಹನ್ನೊಂದು ವಠಾರಗಳಲ್ಲಿ ನಾಲ್ಕು ಮಾತ್ರ ಒಪ್ಪಿವೆ. ಈ ವಠಾರದ್ದು ನಿನ್ನೆಯಷ್ಟೇ ಸಿಕ್ಕ ಒಪ್ಪಿಗೆ.

ಕೂಸು ಮತ್ತೆ ರಾಗ ತೆಗೆಯುತ್ತದೆ. ಮಲಕವ್ವನ ಕೈ ಅಭ್ಯಾಸಬಲದಿಂದ ಬಾಟಲಿಗೆ ಹೋಗಿ, ಅಲ್ಲೇ ನಿಲ್ಲುತ್ತದೆ. “ನಡೀರಿ ಬಾಯಾರ, ಮ್ಯಾಲೆ ಹೋಗೂಣು.”

ನೀರಿನ ಟ್ಯಾಂಕಿನ ಮರೆಯಲ್ಲಿ ಕೂಸು ಎದೆ ಬಿರಿಯುವಂತೆ ಅಳುತ್ತದೆ. ಎಷ್ಟೋ ದಿನದಿಂದ ಕಟ್ಟಿಟ್ಟ ಅಳು. ಮಲಕವ್ವ ಹೆಗಲಿಗೆ ಹಾಕಿಕೊಂಡು ಜೋಗುಳ ಶುರುಮಾಡುತ್ತಾರೆ. ಮೊದಲ ಸಾಲಿಗೆ ತಗ್ಗಿದ್ದ ದನಿ ಎರಡನೆಯದಕ್ಕೆ ಏರುತ್ತದೆ. ಅಳು ಬಿಕ್ಕಳಿಕೆಯಾಗಿ, ನಿದ್ದೆಯಾಗುತ್ತದೆ. ಹಸಿವಾಗಿರಲಿಲ್ಲ.

“ಒಂದೇ ಒಂದು ರೂಮ್ ಸಿಕ್ಕಿದ್ರೆ ಸಾಕು ಸಾರ್,” ಎನ್ನುತ್ತಾರೆ ವನಜಾ, ಮುಂದಿನ ಮನೆಗೆ ಮೆಟ್ಟಿಲಿಳಿಯುತ್ತಾ. “ಮಕ್ಕಳು ಜೋರಾಗಿ ಅಳೋಕೆ. ಸ್ಫೂರ್ತೀನ ನಾವು ಒಂದಿನಾನೂ ಅಳೋಕೆ ಬಿಡ್ಲಿಲ್ಲ.”