ಪಟ್ಟಿ ಬಿಚ್ಚಿದ ಕಾಲು, ಬಳ್ಳಾರಿಗೆ ಹೋದ ಡಾಕ್ಟರು

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಮೊಮ್ಮಗಳ ಕಾಲನ್ನು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಳಿಬಿಟ್ಟು ಕೂತೆ. ಎರಡು ತಿಂಗಳ ಕೂಸು. ಹುಟ್ಟುವಾಗಲೇ ಎಡಪಾದ ಒಳಕ್ಕೆ ತಿರುಗಿತ್ತು. ಹೊಸಪೇಟೆ ದವಾಖಾನೆಯ ಮಕ್ಕಳ ಎಲುಬಿನ ಡಾಕ್ಟರು ವಾರವಾರವೂ ಅದನ್ನು ಚೂರು ಚೂರೇ ಹೊರಕ್ಕೆ ತಿರುವಿ ಸಿಮೆಂಟ್ ಪಟ್ಟಿ ಹಾಕುತ್ತಿದ್ದರು. ಹಳೇ ಪಟ್ಟಿ ಮನೆಯಲ್ಲೇ ನೆನೆಸಿ ಬಿಚ್ಚಿಕೊಂಡು ಬರಬೇಕು, ಅವತ್ತೇ ಹೊಸದು ಹಾಕಿಸಬೇಕು, ಬರಿಗಾಲು ಬಿಟ್ಟರೆ ಪಾದ ಮೊದಲಿನಂಗೇ ತಿರುಗುತ್ತದೆ ಎಂದು ಅವರೇ ಹೇಳಿದ್ದರು. ಹೇಳಿದಂಗೆ ಬಿಚ್ಚಿದೆ. ಸೊಸೆ ಈರಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡಳು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಕಂಪ್ಲಿಯಿಂದ ಮೊದಲ ಬಸ್ಸಿಗೆ ಹೊರಟೆವು.

ನಾಟಿ ಕಾಲ. ಬುಕ್ಕಸಾಗರದ ತನಕ ಎರಡೂ ಕಡೆ ಗದ್ದೆ ತುಂಬ ನೀರು. ಬಸ್ಸಿನ ತುಂಬ ಸಸಿ ಹಚ್ಚಲು ಹೋಗುವ ಹೆಂಗಸರು, ಅವರ ಗದ್ದಲ. ಕಮಲಾಪುರದಲ್ಲಿ ಹಂಪಿ ನೋಡಲು ಬಂದ ಬಿಳಿಯರಿಬ್ಬರು ಹತ್ತಿ ಕೂಸಿನ ಫೋಟೋ ಹಿಡಿಯಲು ನೋಡಿದರು. ಬ್ಯಾಡ ಎಂದು ಕೈ ಮಾಡಿದೆ.

ಹೊಸಪೇಟೆಯಲ್ಲಿ ಇಳಿದು ದವಾಖಾನೆಗೆ ನಡೆದರೆ ಮಕ್ಕಳ ಡಾಕ್ಟರ ಕೋಣೆಗೆ ಬೀಗ. ಒಳಗಿನ ತೊಟ್ಟಿಲು, ಮೇಜು, ಒಂದೂ ಇಲ್ಲ. ಕಿಟಕಿಯಿಂದ ಕಂಡಿದ್ದು ಗೋಡೆಯ ಮೊಳೆ ಮಾತ್ರ.

"ಬಳ್ಳಾರಿಗೆ ಶಿಫ್ಟ್ ಆತವ್ವ, ಹೋದ ವಾರ" ಎಂದಳು ಸಿಸ್ಟರು.

"ನಮಗ್ಯಾಕ ಹೇಳ್ಲಿಲ್ಲ?"

"ಪೇಪರಿನ್ಯಾಗ ಬಂದಿತ್ತಲ್ಲ."

"ನನ್ನ ಮಕ ನೋಡಿದ್ರ ಪೇಪರ್ ಓದೋ ಮಕ ಅನಿಸ್ತತೇನು? ಅಕ್ಷರ ಕೂಡಿಸಿ ಕೂಡಿಸಿ ಓದೋದ್ರಾಗ ಕೂಸಿಗೆ ಮದಿವಿ ವಯಸ್ಸಾಗ್ತತಿ."

ಗದ್ದಲ ಕೇಳಿ ಮೇಲಿನ ಸಾಹೇಬರು ಹೊರಗೆ ಬಂದರು. ಅಲ್ಲಿ ಎಲ್ಲ ಸೌಕರ್ಯ ಒಂದೇ ಕಡೆ ಸಿಗುತ್ತದೆ, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಗದ್ದೆಗೆ ಕಾಲುವೆ ನೀರು ಬಂದು ನಾಲ್ಕು ಕಾಳು ಕಂಡ ಮೇಲೆ, ಆ ಕೋಣೆ ಕಟ್ಟಲು ದವಾಖಾನೆಯವರು ಊರೂರು ತಿರುಗಿ ಭತ್ತ ಎತ್ತಿದ್ದರು. ನಾನೂ ಕೊಟ್ಟಿದ್ದೆ. ಕೇಳುವಾಗ ಮನೆ ಬಾಗಿಲಿಗೆ ಬಂದವರು ಒಯ್ಯುವಾಗ ಹೇಳಲು ಬರಲಿಲ್ಲ.

"ಸಾಹೇಬ್ರ, ಹಂಪಿ ಕಲ್ಲಿಗೆ ಅಷ್ಟಷ್ಟು ದೂರಕ್ಕೆ ಬೋರ್ಡ್ ಹಾಕೀರಿ. ಕೂಸಿನ ಡಾಕ್ಟರು ಎತ್ತ ಹೋದ್ರು ಅಂತ ಒಂದು ಬೋರ್ಡ್ ಸಿಗ್ಲಿಲ್ಲೇನು? ಕಂಪ್ಲಿಯಿಂದ ಕುರುಗೋಡು ಮ್ಯಾಲೆ ನೆಟ್ಟಗೆ ಬಳ್ಳಾರಿ ಬಸ್ ಹಿಡೀತಿದ್ದೆ. ಈಗ ಪಟ್ಟಿ ಬಿಚ್ಚೀನಿ. ನೀವಾ ಹಾಕ್ರಿ."

ಮುರಿದ ಕೈಕಾಲಿಗೆ ಪಟ್ಟಿ ಹಾಕುವವನನ್ನು ಕರೆಸಿದರು. ಅವನು ಕೂಸಿನ ಪಾದ ನೋಡಿ ಕೈ ಹಿಂದೆ ತಗೊಂಡ. "ಇದು ನನ್ನ ಕೈಲಿ ಆಗಂಗಿಲ್ಲ. ಹೆಚ್ಚುಕಮ್ಮಿ ಆದ್ರ ಜಲ್ಮ ಪೂರ್ತಿ ನನ್ನ ಬೈತೀರಿ" ಎಂದ. ಆ ದವಾಖಾನೆಯಲ್ಲಿ ಅವತ್ತು ನಾನು ಕೇಳಿದ ನಿಜವಾದ ಮಾತು ಅದೊಂದೇ.

ಕಟ್ಟೆಯ ಮೇಲೆ ಬಂಡ್ರಿಯ ಹೆಂಗಸೊಬ್ಬಳು ಕೂತಿದ್ದಳು. ಅವಳ ಮಗನಿಗೂ ಇಂಥದೇ ಕಾಲು, ಅವಳೂ ಬಿಚ್ಚಿಕೊಂಡು ಬಂದಿದ್ದಳು. ಸಂಡೂರಿನಲ್ಲಿ ಬಸ್ಸು ಬದಲಿಸಿ ಬಂದವಳು.

"ಏಳವ್ವ, ಕೂಡಿ ಹೋಗೂನು" ಎಂದೆ.

"ಬಳ್ಳಾರಿಗೆ ಹೋದ್ರ ಇವತ್ತು ನಮ್ಮೂರಿಗೆ ಬಸ್ ಸಿಗಂಗಿಲ್ಲಬೇ. ಮನ್ಯಾಗ ಇನ್ನೆರಡು ಹುಡುಗ್ರದಾವು. ಅವ್ರಪ್ಪ ಗಣಿಗೆ ಹೋಗ್ಯಾನ."

"ಮತ್ತ ಕಾಲು?"

"ತಿರುಗಿದ್ರ ತಿರುಗ್ಲಿ" ಎಂದು ಎದ್ದು ಸಂಡೂರು ಬಸ್ಸಿನ ಕಡೆ ನಡೆದಳು. ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಅವಳಿಗೆ ಸೇರಬೇಕಾದ್ದಲ್ಲ.

ಬಳ್ಳಾರಿ ಬಸ್ಸಿನಲ್ಲಿ ಡಾಕ್ಟರು ಹಿಡಿಯುತ್ತಿದ್ದ ಹಾಗೆ ಪಾದವನ್ನು ಹೊರಕ್ಕೆ ಒತ್ತಿ ಹಿಡಿದು ಕೂತೆ. ಪಾಪಿನಾಯಕನಹಳ್ಳಿ ದಾಟುವಷ್ಟರಲ್ಲೇ ಬೆರಳು ಜೋಮು ಹಿಡಿದವು. ಬಿಟ್ಟ ಕೂಡಲೇ ಪಾದ ಒಳಕ್ಕೆ ಸರಿಯುತ್ತಿತ್ತು. ಈರಮ್ಮ ಹಿಡಿದಳು, ಮತ್ತೆ ನಾನು ಹಿಡಿದೆ. ಕೂಸು ಅತ್ತಿತು. ಹಿಂದಿನ ಸೀಟಿನವನು "ಯವ್ವಾ, ಕೂಸಿನ ಕಾಲು ಬಿಡಬೇ" ಎಂದ. "ನಿನ್ನ ಕೆಲಸ ನೋಡಲೇ" ಎಂದೆ.

ಬಳ್ಳಾರಿಯಲ್ಲಿ ಕಟ್ಟಡ ದೊಡ್ಡದು, ಮಂದಿಯ ಗದ್ದಲ ಅದಕ್ಕಿಂತ ದೊಡ್ಡದು. ಡಾಕ್ಟರು ಊಟಕ್ಕೆ ಹೋಗಿದ್ದರು. ರೊಟ್ಟಿ ಬಿಚ್ಚಿ ಅಲ್ಲೇ ತಿಂದೆವು. ಇಳಿಹೊತ್ತಿಗೆ ಡಾಕ್ಟರು ಬಂದು, ನನ್ನ ಗುರುತು ಹಿಡಿದು, ಪಾದ ನೋಡಿ ನಾಲಿಗೆ ಲೊಚಗುಟ್ಟಿದರು. ಹೋದ ವಾರ ತಿದ್ದಿದ್ದರಲ್ಲಿ ಅರ್ಧ ಹಿಂದಕ್ಕೆ ಹೋಗಿದೆ ಎಂದರು. ನನ್ನನ್ನೂ ಕೇಳಿ ಕಳಿಸಲಿಲ್ಲಮ್ಮ ಎಂದೂ ಸಣ್ಣಗೆ ಅಂದರು. ಬಂಡ್ರಿ ಕೂಸಿನ ಮಾತು ತೆಗೆದೆ. ಅವರು ಪಾದವನ್ನು ಹೊರಕ್ಕೆ ತಿರುವಿ ಹಿಡಿದು ಪಟ್ಟಿ ಸುತ್ತಿದರು.

"ಮುಂದಿನ ಮಂಗಳವಾರ ಮನೇಲಿ ಬಿಚ್ಚಿಕೊಂಡು ಬನ್ನಿ."

"ಮನ್ಯಾಗ ಬಿಚ್ಚಂಗಿಲ್ರಿ. ಬೋಗುಣಿ ತಗೊಂಡು ಬರ್ತೀನಿ. ನಿಮ್ಮ ಮಕ ಕಂಡ ಮ್ಯಾಲೆ ನಿಮ್ಮ ಬಾಗಿಲಾಗ ನೆನೆಸ್ತೀನಿ."

"ವರಾಂಡ ಎಲ್ಲ ರಾಡಿ ಆಗತ್ತಲ್ಲಮ್ಮ."

"ಆಗ್ಲಿ. ನಿಮ್ಮ ಸೌಕರ್ಯದವರನ್ನ ಕರೆದು ಒರೆಸ್ರಿ."

ಕಂಪ್ಲಿ ಬಸ್ಸು ಸಿಕ್ಕಿತು. ಪಟ್ಟಿ ಇನ್ನೂ ಹಸಿ ಇತ್ತು. ಒತ್ತಿದರೆ ಆಕಾರ ಕೆಡುತ್ತದೆ. ಕೂಸಿನ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಿಸಿಲು ಬೀಳುವ ಕಿಟಕಿಗೆ ಒಡ್ಡಿದೆ. ಜನ ಏರಿ ಏರಿ ಒತ್ತಿದರು. ಕಂಡಕ್ಟರು ಬಂದು, "ಯವ್ವಾ, ಆ ಕಡೆ ಸರೀರಿ, ಇನ್ನೊಬ್ರು ಕುಂದರ್ತಾರ" ಎಂದ. ಕುರುಗೋಡು ಬಂದು ಪಟ್ಟಿ ಗಟ್ಟಿಯಾಗುವ ತನಕ ನಾನು ಸರಿಯಲಿಲ್ಲ.