ಹನ್ನೊಂದು ಮೊಳದ ಅಂಕಣ

ನಮ್ಮ ಮಾವನವರ ಎಡಗೆನ್ನೆ ಸದಾ ಉಬ್ಬಿರುತ್ತಿತ್ತು. ಬೆಳಗ್ಗೆ ಬಾಯಿಗೆ ಹಾಕಿಕೊಂಡ ಒಂದು ಇಡೀ ಅಡಿಕೆ ಮಧ್ಯಾಹ್ನದವರೆಗೆ ಅಲ್ಲಿ ನೆನೆಯುತ್ತ ಕೂತಿರುತ್ತಿತ್ತು. ಮಾತಿನ ನಡುವೆ ಅದು ಎಡಗೆನ್ನೆಯಿಂದ ಬಲಗೆನ್ನೆಗೆ ಹೊರಳಿತೆಂದರೆ ಎದುರಿಗೆ ಕೂತವನಿಗೆ ಏನೋ ಲುಕ್ಸಾನು ಆಯಿತೆಂದೇ ತಿಳಿಯಬೇಕು. ಸೊಸೆಯಾಗಿ ಹೋದ ಆರು ತಿಂಗಳಲ್ಲಿ ನಾನು ಇದನ್ನು ಕಲಿತೆ. ಅವರಿಂದ ಕಲಿತ ವಿದ್ಯೆ ಹೆಚ್ಚುಕಡಿಮೆ ಇಷ್ಟೇ.

ಕುಷ್ಟಗಿ ಬಜಾರದಲ್ಲಿ ಅವರದು ಪಾತ್ರೆ ಮಾರುವ ಭಾಂಡೆ ಅಂಗಡಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೈಮೇಲೆ ಕಲೆಯಿಲ್ಲದ ಧೋತರ. “ಹುಟ್ಟಿದಾಗಿಂದ ಒಂದು ಸುಳ್ಳು ಆಡಿಲ್ಲ ನಾ” ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ. ಮಾತು ನಿಜವೇ. ಸುಳ್ಳು ಹೇಳುವ ಶ್ರಮವನ್ನು ಆ ಪುಣ್ಯಾತ್ಮರು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಎದುರಿನವರು ತಪ್ಪುವವರೆಗೆ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಕಲಾಯಿ ಹಾಕುವವನು ಬಂದರೆ ಎರಡು ಸಣ್ಣ ಬೋಗುಣಿ ಮುಂದಿಟ್ಟು “ಸಾಮಾನಿಗೆ ಎಷ್ಟಪಾ?” ಎಂದು ಕೇಳುವುದು, ಆತ ದರ ಹೇಳಿ ಇದ್ದಲಿ ಹೊತ್ತಿಸಿದ ಮೇಲೆ ಮದುವೆಗೆ ಅನ್ನ ಮಾಡುವ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ಉರುಳಿಸುವುದು. ಆತ ಹೌಹಾರಿದರೆ “ಸಾಮಾನಿಗೆ ಇಷ್ಟು ಅಂತ ನೀನ ಅಂದಿಯಲ್ಲೋ” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮನೆಯ ಮಣ್ಣಿನ ಮಾಳಿಗೆ ಬಿಚ್ಚಿ ಹೊಸದಾಗಿ ಹಾಕಿಸುವ ಮಾತು ಬಂತು. ಆಗ ನಾನು ಎರಡನೆಯ ಕೂಸಿನ ಬಾಣಂತಿ. ನನ್ನ ತವರಿನಲ್ಲಿ ಬಾಣಂತನ ಮಾಡಲು ಯಾರೂ ಇರಲಿಲ್ಲವಾದ್ದರಿಂದ ಗಂಡನ ಮನೆಯ ಒಳಕೋಣೆಯಲ್ಲೇ ಮಲಗಿದ್ದೆ. ಬೇವೂರಿನಿಂದ ಒಬ್ಬ ಗೌಂಡಿ ಬಂದ. ನಮ್ಮ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲೇ ಹೇಳುತ್ತಾರೆ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ, ತೊಲೆ ಎಷ್ಟು ಉದ್ದವೋ ಅಂಕಣವೂ ಅಷ್ಟೇ ಉದ್ದ. ಮಾಳಿಗೆಯ ಕೂಲಿಯೂ ಅದೇ ಲೆಕ್ಕದಲ್ಲಿ. ಬೇವೂರಿನ ಮನೆಗಳಿಗೆ ಹಾಕಿದ್ದೆಲ್ಲ ಅಲ್ಲೇ ಹೊಲದ ಬದುವಿನಲ್ಲಿ ಬೆಳೆದ ಬೇವಿನ ಮರ. ಅದರ ತೊಲೆ ಏಳು ಮೊಳಕ್ಕಿಂತ ಉದ್ದ ಸಿಗುವುದಿಲ್ಲ. ಹಾಗಾಗಿ ಆ ಗೌಂಡಿಗೆ ಅಂಕಣವೆಂದರೆ ಏಳು ಮೊಳ. ಕೈಗೆ ಕೂತುಬಿಟ್ಟ ಅಳತೆ.

ನಮ್ಮ ಮನೆಯ ಮುಂದಿನ ಎರಡು ಅಂಕಣವೂ ಏಳೇಳು ಮೊಳದವೇ. ಒಳಗಿನ ಮೂರು ಮಾತ್ರ ಮಾವನವರ ತಂದೆ ಎಲ್ಲಿಂದಲೋ ಸಾಗವಾನಿ ತರಿಸಿ ಹಾಕಿಸಿದ್ದು, ಹನ್ನೊಂದು ಮೊಳ. ಗೌಂಡಿ ಪಡಸಾಲೆಯಲ್ಲಿ ನಿಂತು ಮುಂದಿನವನ್ನು ನೋಡಿದ. “ಒಳಗ ಬಾಣಂತಿ ಅದಾಳ” ಎಂದರು ಮಾವ. ಬಾಣಂತಿ ಕೋಣೆಗೆ ಪರಗಂಡಸು ಕಾಲಿಡುವ ಮಾತೇ ಇಲ್ಲ. ಆತ ಹೊಸ್ತಿಲಿನಿಂದ ಹಿಂದೆ ಸರಿದ.

“ಒಟ್ಟ ಎಷ್ಟ್ ಅಂಕಣ ಅದಾವ್ರಿ ಸಾವಕಾರ್ರ?”

“ಐದು.”

ಅಷ್ಟೇ. ಒಂದೇ ಶಬ್ದ. ಆತ ಬೆರಳು ಮಡಿಸಿ ಲೆಕ್ಕ ಹಾಕಿ ಮಣ್ಣು, ಹಲಗೆ, ಕೂಲಿ ಎಲ್ಲ ಸೇರಿಸಿ ಒಂದು ಮೊತ್ತ ಹೇಳಿದ. ಚೌಕಾಸಿಯಿಲ್ಲದೆ ಕೊತ್ತಂಬರಿ ಸಿವುಡೂ ಕೊಳ್ಳದ ನಮ್ಮ ಮಾವ ಕೂಡಲೇ ಒಪ್ಪಿ, ಎಲೆ ಅಡಿಕೆ ಇಟ್ಟು ಸಂಚಕಾರವೆಂದು ಒಂದಿಷ್ಟು ಮುಂಗಡ ಕೊಟ್ಟರು. ಗೋಡೆಯ ಈಚೆ ಕೂತಿದ್ದ ನನಗೆ ಅವರ ಬಾಯಲ್ಲಿ ಅಡಿಕೆ ಹೊರಳಿದ ಸದ್ದು ಕೇಳಿಸಿತು. ಒಳಗಿನ ಅಂಕಣ ದೊಡ್ಡವು ಎಂದು ನನಗೆ ಗೊತ್ತಿತ್ತು. ದಿನಾ ಮಲಗಿ ನೋಡುತ್ತಿದ್ದದ್ದು ಅವೇ ತೊಲೆಗಳನ್ನು. ಬಾಗಿಲಿಗೆ ಬಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. ಮಾವನ ಎದುರು ಸೊಸೆ ಬಾಯಿ ತೆರೆಯುವ ಮನೆಯಲ್ಲ ಅದು.

ಮುಂದಿನ ಮಾಳಿಗೆ ಬಿಚ್ಚಿ ನಾಲ್ಕನೆಯ ದಿನ ನನ್ನನ್ನೂ ಕೂಸನ್ನೂ ಹಿತ್ತಲ ಕೋಣೆಗೆ ಸಾಗಿಸಿದರು. ಗೌಂಡಿ ಆಗ ಮೊದಲ ಸಲ ಒಳಗೆ ಬಂದು ತಲೆ ಎತ್ತಿದ. ನಿಚ್ಚಣಿಕೆ ಹತ್ತಿ ತೊಲೆಯ ಮೇಲೆ ಮೊಳಕೈ ಊರಿ ಅಳೆದ. ಇಳಿದು ಬಂದು ಮತ್ತೊಮ್ಮೆ ಹತ್ತಿ ಅಳೆದ. ಆಮೇಲೆ ಮಣ್ಣಿನ ಗುಂಪಿಯ ಮೇಲೆ ಕೂತುಬಿಟ್ಟ.

“ಸಾವಕಾರ್ರ, ಅಳತಿ ತಪ್ಪೇತ್ರಿ.”

“ನಂದೇನು ತಪ್ಪಿಲ್ಲಲ್ಲ. ಐದ ಅಂದೆ, ಐದ ಅದಾವ. ಎಣಸು.”

“ನನ್ನ ಕೂಲಿ ಬ್ಯಾಡ್ರಿ. ಹೆಚ್ಚಿನ ಮಣ್ಣಿಂದು, ಹಲಗೀದು ಅಷ್ಟ ಕೊಡ್ರಿ.”

“ಎಲಿ ಅಡಿಕಿ ತಗೊಂಡಿ, ಸಂಚಕಾರ ತಗೊಂಡಿ. ಗಂಡಸರ ಮಾತು ಅಂದ್ರ ಒಂದ ಇರ್ತೈತಿ ತಮ್ಮಾ.”

ಗಂಡಸರ ಮಾತು! ಅದೇ ವರ್ಷ ಯಲಬುರ್ಗಾದ ಮದುವೆಯವರಿಗೆ ಹಿತ್ತಾಳೆ ಕೊಡಗಳ ದರವನ್ನು ತಪ್ಪಿ ಕಡಿಮೆ ಹೇಳಿ, ಅವರು ಗಾಡಿ ಹೂಡಿಕೊಂಡು ಬಂದಾಗ “ಬಾಯಿ ತಪ್ಪಿ ಬಂದದ್ದಕ್ಕ ಮಾತು ಅಂತಾರೇನು?” ಎಂದು ಬರಿಗೈಯಲ್ಲಿ ವಾಪಸು ಕಳಿಸಿದ ಗಂಡಸರೂ ಇವರೇ. ತಪ್ಪಿ ಹೇಳಿದ ದರಕ್ಕೆ ಕೆಲಸದವನನ್ನು ಕಟ್ಟಿಹಾಕಬಹುದೋ ಇಲ್ಲವೋ, ಕಾಯಿದೆ ನನಗೆ ಗೊತ್ತಿಲ್ಲ. ಆತ ತಪ್ಪುತ್ತಿದ್ದಾನೆಂದು ತಿಳಿದೂ ಎಲೆ ಅಡಿಕೆ ಮುಂದಿಡುವುದು ಕಳ್ಳತನ ಎಂಬುದಷ್ಟು ಗೊತ್ತು. ರಾತ್ರಿ ನಮ್ಮ ಮನೆಯವರಿಗೆ ಹೇಳಿದೆ. ತಾಲ್ಲೂಕು ಕಚೇರಿಯ ಗುಮಾಸ್ತರು, ಫೈಲಿನಲ್ಲಿ ಊರಿಗೆಲ್ಲ ನ್ಯಾಯ ಬರೆಯುವವರು. “ಅಪ್ಪಗ ಎದುರಾಡಬ್ಯಾಡ” ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಗೌಂಡಿ ಬಿಟ್ಟು ಓಡಲಿಲ್ಲ. ಓಡಿದ್ದರೆ ಸುತ್ತ ಹತ್ತು ಹಳ್ಳಿಯಲ್ಲಿ ಯಾರೂ ಕೆಲಸ ಕೊಡದಂತೆ ಮಾವ ಡಂಗುರ ಹೊಡೆಸುತ್ತಿದ್ದರು, ಅದು ಆತನಿಗೂ ಗೊತ್ತಿತ್ತು. ಮಣ್ಣು ಹೊರಲು ಎರಡು ಕತ್ತೆ ಇದ್ದವು. ಎರಡನ್ನೂ ಮಾರಿ ಹಲಗೆ ತಂದ. ಆಮೇಲೆ ಮಣ್ಣು ಹೊತ್ತದ್ದು ಗಂಡ ಹೆಂಡತಿಯ ತಲೆ. ಹದಿನೈದು ದಿನ ಆ ಬಿಸಿಲಿನಲ್ಲಿ ಆ ಹೆಂಗಸು ನಿಚ್ಚಣಿಕೆ ಹತ್ತಿ ಇಳಿದಳು. ಮಾವ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು “ಮೂಲ್ಯಾಗ ಇನ್ನಷ್ಟು ಹಾಕ್ರಿ” ಎನ್ನುತ್ತಿದ್ದರು. ಕೆಲಸ ಮುಗಿದ ದಿನ ಆಕೆ ಹಿತ್ತಲ ಬಾಗಿಲಲ್ಲಿ ನಿಂತು, ಮಣ್ಣಾದ ಕೈ ಸೆರಗಿಗೆ ಒರೆಸಿಕೊಂಡು, ನನ್ನ ಕೂಸಿಗೆ ದೃಷ್ಟಿ ನಿವಾಳಿಸಿ ಹೋದಳು.

ಮೊದಲ ಮಳೆಗೆ ಮಾವ ಎದ್ದು ಕೂತು ಸೋರುವುದನ್ನೇ ಕಾದರು. ಒಂದು ಹನಿ ಸೋರಿದ್ದರೆ ಕೊನೆಯ ಕಂತನ್ನೂ ಕೊಡಬೇಕಿರಲಿಲ್ಲ ನೋಡಿ. ಸೋರಲಿಲ್ಲ. ಇಡೀ ದಿನ ಮುಖ ಗಂಟು ಹಾಕಿಕೊಂಡಿದ್ದರು. ಆಮೇಲೆ ಐದಾರು ವರ್ಷ ಬಂದ ಬೀಗರಿಗೆಲ್ಲ ಮೇಲೆ ಕೈ ತೋರಿಸಿ, ಎಷ್ಟು ಕಡಿಮೆಗೆ ಆಯಿತೆಂದು ಹೇಳಿ ಹೇಳಿ ಸುಖಪಟ್ಟರು. ಅದೇ ಮಾಳಿಗೆಯ ಕೆಳಗೆ, ಒಂದು ಮಳೆಗಾಲದಲ್ಲಿ, ಬೆಚ್ಚಗೆ ತೀರಿಕೊಂಡರು. ಊರವರು “ಮಾತಿನ ಮನುಷ್ಯ” ಎಂದು ಕೊಂಡಾಡಿದರು. ನನಗೆ ಅಳು ಬರಲಿಲ್ಲ. ಸೆರಗನ್ನು ಮುಖಕ್ಕೆ ಹಿಡಿದುಕೊಂಡೆ.

ದಿನಕರ್ಮ ಮುಗಿದ ಮೇಲೆ ಅವರ ಪೆಟ್ಟಿಗೆಯಿಂದಲೇ ರೊಕ್ಕ ತೆಗೆದುಕೊಂಡು ಬೇವೂರಿಗೆ ಬಸ್ಸು ಹತ್ತಿದೆ. ಯಾರನ್ನೂ ಕೇಳಲಿಲ್ಲ. ಗೌಂಡಿ ಅಷ್ಟರಲ್ಲೇ ಮುದುಕನಂತಾಗಿದ್ದ, ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಗಂಟನ್ನು ಮುಂದಿಟ್ಟೆ.

“ನಿಮ್ಮ ಲುಕ್ಸಾನಿನ ರೊಕ್ಕರಿ. ಮಾವಾರು ತೀರಿಕೊಂಡ್ರು.”

“ಅದು ತೀರಿದ ಮಾತ್ರಿ ಅಕ್ಕಾರ. ನೋಡದ ದರ ಹೇಳಿದಾಂವ ನಾನ. ತಗೊಂಡ ಹೋಗ್ರಿ.”

“ನನಗ ಆವತ್ತ ಗೊತ್ತಿತ್ರಿ,” ಎಂದೆ. “ಗ್ವಾಡಿ ಹಿಂದ ಕುಂತು ಎಲ್ಲಾ ಕೇಳಿದೆ. ಹೇಳಲಿಲ್ಲ.”

ಆತ ಹಗ್ಗ ಬಿಟ್ಟು ನನ್ನನ್ನು ನೋಡಿದ. ಬಯ್ಯುತ್ತಾನೆಂದುಕೊಂಡೆ. ಬಯ್ದರೆ ಸಾಕೆಂದು ಕಾದೆ.

“ನನಗೂ ಅನುಮಾನ ಇತ್ರಿ. ಒಳಗ ನೋಡಾಕ ಬೇಕು ಅಂತ ಹಟ ಮಾಡಾಂವ ಇದ್ದೆ. ಅಷ್ಟರಾಗ ಕೂಸು ಅಳಾಕತ್ತಿತು. ಹಸಿ ಬಾಣಂತಿ, ಎದ್ದು ಹೊರಗ ಹೋಗು ಅಂತ ಹೆಂಗ ಅನ್ನೂದು ಅಂತ ಬಿಟ್ಟೆ.”

ಒಳಗಿನಿಂದ ಆತನ ಹೆಂಡತಿ ಚಹಾ ತಂದಳು. ಕುಡಿದು, ಗಂಟನ್ನು ಎತ್ತಿಕೊಂಡು ಎದ್ದೆ. ಮಾವನವರ ಬಗ್ಗೆ ಇಲ್ಲಿ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಗೌಂಡಿ ಸುಮ್ಮನಾದದ್ದು ನನ್ನ ಸಲುವಾಗಿ. ನಾನು ಸುಮ್ಮನಿದ್ದದ್ದೂ ನನ್ನ ಸಲುವಾಗಿಯೇ.